ಕಾಲುಗಳಷ್ಟೇ ಕಂಡ ಊರು

ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಫಾರಿನ್ನಿಗೆ ಹೊರಟರೆ ಮೊದಲು ನಮ್ಮ ಮನೆಯ ಬೆಲ್ ಒತ್ತುತ್ತಾರೆ. ವೀಸಾ ಇನ್ನೂ ಕೈಗೆ ಬಂದಿರುವುದಿಲ್ಲ, ಅಷ್ಟರಲ್ಲೇ ನಮ್ಮ ಸೋಫಾದ ಮೇಲೆ ಕೂತು, ಅಲ್ಲಿ ಚಳಿ ಎಷ್ಟು, ಜೇಬುಗಳ್ಳರು ಯಾವ ಊರಲ್ಲಿ ಹೆಚ್ಚು, ಹೋಟೆಲಿನವರು ಕುಡಿಯಲು ಬಿಸಿನೀರು ಕೊಡುತ್ತಾರೋ ಇಲ್ಲವೋ ಎಂದು ನಮ್ಮ ಯಜಮಾನರನ್ನು ಕೇಳುತ್ತಾರೆ. ಧಾರಾವಿಯ ಈ ಬಿಲ್ಡಿಂಗಿನಲ್ಲಿ ಯುರೋಪಿಗೆ ಹೋಗಿ ಬಂದವರು ಅವರೊಬ್ಬರೇ. ವಾಚ್‌ಮನ್ ಅವರಿಗೆ ವಿಲಾಯತಿ ಮಹಾರಾಜ್ ಎಂದು ಹೆಸರಿಟ್ಟಿದ್ದಾನೆ. ಮುಂಬೈಯಲ್ಲಿ ಅಡುಗೆಯವರನ್ನು ಮಹಾರಾಜ್ ಎಂದು ಕರೆಯುವುದು ರೂಢಿ.

ಅವರ ಹೆಸರು ಅಣವೀರಪ್ಪ. ಆಳಂದ ತಾಲೂಕಿನ ಹಳ್ಳಿಯಿಂದ ಬಂದು, ಮಾಟುಂಗದ ಒಂದು ಮೆಸ್ಸಿನಲ್ಲಿ ಪಾತ್ರೆ ತೊಳೆಯುತ್ತಲೇ ಅಡುಗೆ ಕಲಿತರು. ಆಮೇಲೆ ಘಾಟ್‌ಕೋಪರಿನ ಮದುವೆ ಕೇಟರರ್ ಹತ್ತಿರ ಗುಜರಾತಿ ಅಡುಗೆ ಕಲಿತು, ಅಲ್ಲಿಂದ ಒಂದು ಟೂರ್ ಕಂಪನಿಗೆ ಹೋದರು. ಮುಂಬೈಯ ಗುಜರಾತಿ, ಮಾರವಾಡಿ ಮಂದಿ ಗುಂಪು ಕಟ್ಟಿಕೊಂಡು ಯುರೋಪಿಗೆ ಹೋಗುತ್ತಾರೆ, ಆದರೆ ಊಟ ಮಾತ್ರ ಮನೆಯದೇ ಬೇಕು. ಅವರಿಗಾಗಿ ಕಂಪನಿಯವರು ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುತ್ತಾರೆ. ದಾಲ್, ಮಸಾಲೆ, ಪಾತ್ರೆಗಳ ಸಮೇತ ನಮ್ಮವರು ಏಪ್ರಿಲ್‌ನಲ್ಲಿ ವಿಮಾನ ಹತ್ತಿದರೆ ಮಳೆ ಶುರುವಾದ ಮೇಲೆಯೇ ಮನೆ ಸೇರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ, ಈಗ ಎರಡು ವರ್ಷದಿಂದ ಮನೆಯಲ್ಲೇ ಇದ್ದಾರೆ. ನನ್ನದು ಜೋಳದ ರೊಟ್ಟಿಯ ವ್ಯಾಪಾರ. ನಾವು ನಾಲ್ಕೈದು ಹೆಂಗಸರು ಸೇರಿ ರೊಟ್ಟಿ ಬಡಿದು ಸುತ್ತಲಿನ ಖಾನಾವಳಿಗಳಿಗೆ ಕೊಡುತ್ತೇವೆ. ಅವರು ಈಗ ನನ್ನ ರೊಟ್ಟಿಗಳಿಗೆ ಶೇಂಗಾ ಚಟ್ನಿ ಕುಟ್ಟಿಕೊಡುತ್ತಾರೆ. ಕುಟ್ಟುತ್ತ ಕುಟ್ಟುತ್ತ ಮೊಮ್ಮಗಳಿಗೆ ದೇಶ ತೋರಿಸುತ್ತಾರೆ.

ಪ್ಯಾರಿಸ್ಸಿನ ಟವರಿಗೆ ರಾತ್ರಿ ದೀಪ ಹತ್ತಿದಾಗ ಮಂದಿ ಹೇಗೆ ಒಂದೇ ಸಲ ಉಸಿರು ಬಿಡುತ್ತಾರೆ, ವೆನಿಸ್ಸಿನಲ್ಲಿ ಗಾಜನ್ನು ಊದಿ ಕುದುರೆ ಮಾಡುವವನ ಕೆನ್ನೆ ಹೇಗೆ ಉಬ್ಬುತ್ತದೆ, ಹಿಮದ ಬೆಟ್ಟಕ್ಕೆ ರೈಲು ಹೇಗೆ ಹಲ್ಲು ಕಚ್ಚಿಕೊಂಡು ಏರುತ್ತದೆ, ಎಲ್ಲ ಹೇಳುತ್ತಾರೆ. ಕೇಳಿದರೆ ಅಲ್ಲೇ ನಿಂತಂತಾಗುತ್ತದೆ.

ಇವುಗಳಲ್ಲಿ ಒಂದನ್ನೂ ಅವರು ಕಣ್ಣಾರೆ ನೋಡಿಲ್ಲ. ಇದು ನನಗೊಬ್ಬಳಿಗೇ ಗೊತ್ತು.

ಮೊದಲ ಸಲ ಹೋಗಿ ಬಂದಾಗ ನಾನು ಏರ್‌ಪೋರ್ಟಿಗೆ ಹೋಗಿದ್ದೆ. ರಿಕ್ಷಾದಲ್ಲಿ ಕೂತು ಟವರ್ ಎಷ್ಟು ಎತ್ತರ ಅಂತ ಕೇಳಿದರೆ, "ಮಂದಿ ಭಾಳ ಎತ್ತರ ಅಂತಿದ್ರು, ಇಂದ್ರಾ" ಎಂದರು. ಬೆಳಿಗ್ಗೆ ಎದ್ದು ನಾಷ್ಟಾ, ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಡಬ್ಬಿ. ಮಂದಿ ಬಸ್ಸು ಹತ್ತಿ ಊರು ನೋಡಲು ಹೋದರೆ ಇವರು ರಾತ್ರಿಯ ಅಡುಗೆಗೆ ಕುಳಿತರು. ಬಸ್ಸು ಊರಿಂದ ಊರಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ನಿದ್ದೆ. ಊಟಕ್ಕೆ ಕೂತಾಗ ಮಂದಿ ಏನೇನು ಮಾತಾಡಿದರೋ ಅದಷ್ಟೇ ಇವರು ಕಂಡ ಯುರೋಪ್. ಸುಭಾಷ ಆಗ ಚಿಕ್ಕವನು. ಮನೆಗೆ ಬಂದ ಕೂಡಲೇ ಅಪ್ಪಾ ಏನು ನೋಡಿದೆ, ಏನು ನೋಡಿದೆ ಎಂದು ಪ್ಯಾಂಟು ಹಿಡಿದು ಜಗ್ಗಿದ. ಇವರು ಕೇಳಿದ್ದನ್ನೇ ನೋಡಿದಂತೆ ಹೇಳಿದರು. ಮಗುವಿನ ಮುಖ ಅರಳಿತು. ನಾನು ಸುಮ್ಮನಿದ್ದೆ. ಬೆರಳುಗಳೆಲ್ಲ ಸೀಳಿಕೊಂಡು ಬಂದ ಮನುಷ್ಯ ಮಕ್ಕಳಿಗೆ ಒಂದಿಷ್ಟು ಮಾತು ತಂದುಕೊಟ್ಟರೆ ಯಾರದೇನು ಹೋಗುತ್ತದೆ. ಆ ದುಡಿಮೆಯಿಂದಲೇ ಮಗ ಎಸಿ ರಿಪೇರಿ ಕಲಿತು ಬೈಕುಲ್ಲಾದಲ್ಲಿ ಅಂಗಡಿ ಇಟ್ಟ. ಆ ದುಡಿಮೆಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ಒಂದು ಭಾನುವಾರ ಊಟವಾದ ಮೇಲೆ ಸುಭಾಷ ತನ್ನ ಫೋನಿನಲ್ಲಿದ್ದ ಭೂಪಟವನ್ನು ಟಿವಿಯ ಮೇಲೆ ಹಾಕಿದ. ಸೊಸೆ ಭುವನೇಶ್ವರಿ ಪಕ್ಕದಲ್ಲಿ ಕೂತಿದ್ದಳು. ಅವಳು ಸಯನಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಾವುದಕ್ಕೂ ಮೊದಲು ಸೂಜಿ ಎಲ್ಲಿ ಚುಚ್ಚಬೇಕು ಎಂದು ನೋಡುತ್ತಾಳೆ, ಆಮೇಲೆ ಮಾತು. ನಮ್ಮವರು ನೆಲದ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದರು.

"ಅಪ್ಪಾ, ಬರೋ ಮೇ ಸೂಟಿಗಿ ನಾವೆಲ್ಲಾ ಹೊರದೇಶಕ್ಕ ಹೋಗಮ್" ಎಂದ ಸುಭಾಷ. "ನಾನೂ ಭುವನಾ ಅದರ ಸಲುವಾಗೇ ರೊಕ್ಕ ಜೋಡಸ್ಕೋತ ಬಂದೀವಿ. ಇಷ್ಟು ವರ್ಷ ಮಂದಿಗಿ ಉಣಿಸ್ಕೋತ ತಿರುಗೀರಿ. ಈ ಸಲ ಕುಂತು ಉಣ್ರಿ."

"ಎಲ್ಲಿಗಪ್ಪಾ?" ಎಂದರು ಇವರು, ಕೊತ್ತಂಬರಿಯಿಂದ ತಲೆ ಎತ್ತದೆ.

"ಅದು ನೀವೇ ಹೇಳ್ಬೇಕು. ಯಾವ್ಯಾವ ದೇಶ, ಯಾವ್ಯಾವ ಊರು, ಎಲ್ಲಾ ನಿಮ್ಮ ಮ್ಯಾಲ. ಟೂರ್ ಕಂಪನಿ ಬ್ಯಾಡ, ಗೈಡ್ ಬ್ಯಾಡ. ನಮ್ಮ ಗೈಡ್ ಮನ್ಯಾಗೇ ಅದಾನ."

ಮೊಮ್ಮಗಳು ಶ್ರಾವ್ಯಾ ಶಾಲೆಯಲ್ಲಿ ಐದನೇ ಇಯತ್ತೆ. ಕನ್ನಡ ಎಲ್ಲ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಹಿಂದಿಗೆ ಜಾರುತ್ತಾಳೆ. "ಮುತ್ಯಾ, ಪಹಲೇ ಪ್ಯಾರಿಸ್. ನೀ ಟವರ್ ನೋಡ್ಲಾಕ ನಿಂತಿದ್ದಿ ಅಲ್ಲಾ, ಅದೇ ಜಾಗಾ ಪರ್ ನಂಗೂ ನಿಲ್ಲಸ್ಬೇಕು. ಪ್ರಾಮಿಸ್?"

ಕೊತ್ತಂಬರಿ ಬಿಡಿಸುತ್ತಿದ್ದ ಕೈ ನಿಂತಿತು. ಎಲೆಯ ಬದಲು ಕಡ್ಡಿಯನ್ನು ಬಟ್ಟಲಿಗೆ ಹಾಕಿದರು. ಇಷ್ಟು ವರ್ಷದಲ್ಲಿ ಅವರ ಕೈ ಹಾಗೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

"ನಿಲ್ಲಸ್ತೀನಿ ಬಂಗಾರಾ" ಎಂದರು.

ಮುಂದಿನದು ನನ್ನ ಕಣ್ಣಿಗೆ ಕಟ್ಟಿತು. ಆ ಊರಿನಲ್ಲಿ ನಾವೆಲ್ಲ ಇಳಿಯುತ್ತೇವೆ. ಹುಡುಗಿ ಮುತ್ಯಾನ ಕೈ ಹಿಡಿದು ಯಾವ ಕಡೆ ಎಂದು ಕೇಳುತ್ತಾಳೆ. ಎಡವೋ ಬಲವೋ ಗೊತ್ತಿಲ್ಲದೆ ಈ ಮನುಷ್ಯ ರಸ್ತೆಯ ನಡುವೆ ನಿಲ್ಲುತ್ತಾರೆ, ಮಗನ ಎದುರು, ಸೊಸೆಯ ಎದುರು. ಮನೆಯಲ್ಲಿ ಅವರಿಗೊಂದು ಜಾಗವಿದೆಯಲ್ಲ, ದೇಶ ನೋಡಿದವನ ಜಾಗ, ಅದು ಅಲ್ಲಿಗೆ ಮುಗಿಯಿತು. ಅಂಥ ದಿನ ಬರಬಾರದು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಎಲ್ಲಿಗೆ ಬೇಕಾದರೂ ಹೋಗಲಿ, ಯುರೋಪ್ ಮಾತ್ರ ಬೇಡ.

ಮರುದಿನದಿಂದಲೇ ಕೆಲಸ ಶುರು ಮಾಡಿದೆ. ಮೊದಲು ಸೊಸೆ. ಆಕೆಗೆ ಮೊದಲಿನಿಂದಲೂ ಸಿಂಗಾಪುರದ ಆಸೆ ಇದೆಯೆಂದು ಗೊತ್ತಿತ್ತು. ರೊಟ್ಟಿ ಬಡಿಯುತ್ತ ಹೇಳಿದೆ, "ಭುವನಾ, ಸಿಂಗಾಪುರ ಸನಿ ಆಗ್ತದಲ್ಲ? ಮಾವನ ಮೊಣಕಾಲಿಗಿ ಅಷ್ಟು ತಾಸು ವಿಮಾನದಾಗ ಕುಂದ್ರದು ಆಗಲ್ಲವ್ವಾ. ಮತ್ತ ಆ ಥಂಡಿ ಬ್ಯಾರೆ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಅತ್ತಿ, ಮಾವ ಮೊನ್ನೆ ಮೆಟ್ಟಿಲ ಹತ್ತಿ ಟೆರೇಸಿಗಿ ಹೋಗಿ ಹಪ್ಪಳ ಹಾಕ್ಯಾರ."

"ಅದಕ್ಕೇ ಅವತ್ತ ಕಾಲು ಒತ್ತಸ್ಕೊಂಡ್ರು."

"ನನಗ ಸಿಂಗಾಪುರ ಬೇಕೇ ಅದ, ನಾ ಯಾಕ ಜಗಳಾಡ್ಲಿ" ಎಂದು ನಕ್ಕಳು. "ಖರೆ, ನಿಮ್ಮ ಮನಸಿನ್ಯಾಗ ಮತ್ತೇನೋ ಅದ."

ಶ್ರಾವ್ಯಾಳಿಗೆ ಅಲ್ಲಿನ ಆಟದ ಪಾರ್ಕಿನ ವಿಡಿಯೋ ತೋರಿಸಿದ್ದಾಯಿತು. ಸುಭಾಷನಿಗೆ ಯುರೋಪಿನ ವೀಸಾದ ತಾಪತ್ರಯ ಎತ್ತಿ ಹೇಳಿದ್ದಾಯಿತು. ಮುಂದಿನ ಭಾನುವಾರ ಟಿವಿಯ ಮೇಲಿನ ಭೂಪಟ ಪೂರ್ವಕ್ಕೆ ತಿರುಗಿತು. ಸಿಂಗಾಪುರ, ಅಲ್ಲಿಂದ ಬಸ್ಸಿನಲ್ಲಿ ಕೌಲಾಲಂಪುರ, ಎರಡೂ ನಮ್ಮವರು ಹೋಗದ ಊರು. ಯಾರೂ ಅವರನ್ನು ದಾರಿ ಕೇಳುವಂತಿಲ್ಲ.

"ಅಪ್ಪಾ, ನಿಮಗ ಅಡ್ಡಿ ಇಲ್ಲಲ್ಲ?" ಎಂದ ಸುಭಾಷ.

"ನಂದೇನದ. ಎಲ್ಲಿಗ್ ಹೋದ್ರೂ ಆಯ್ತು" ಎಂದರು. ಎದ್ದು ಗ್ಯಾಲರಿಗೆ ಹೋಗಿ ನಿಂತರು.

ಕಷ್ಟ ಕಳೆಯಿತೆಂದು ನಾನು ನಿರಾಳವಾದೆ. ಆದರೆ ಮನೆಯಲ್ಲಿ ಏನೋ ತಪ್ಪಿತು. ಚಟ್ನಿ ಕುಟ್ಟುವಾಗ ಮಾತಿಲ್ಲ. ಶ್ರಾವ್ಯಾ ಗಾಜಿನ ಕುದುರೆಯ ಕಥೆ ಕೇಳಿದರೆ, ಆಮೇಲೆ ಹೇಳುತ್ತೇನೆ ಎಂದು ಎದ್ದು ಹೋಗುತ್ತಾರೆ. ಒಂದು ದಿನ ಇಡೀ ಗಡಿಗೆಯ ಚಟ್ನಿಗೆ ಉಪ್ಪೇ ಹಾಕಿರಲಿಲ್ಲ. ಖಾನಾವಳಿಯ ಮಲ್ಲಕ್ಕ ಫೋನು ಮಾಡಿ, "ಅಕ್ಕಾ, ನಿಮ್ಮ ಯಜಮಾನ್ರಿಗಿ ಬಿಪಿ ಹೆಚ್ಚಾಗ್ಯದಂದ್ರ ನಮ್ಮ ಗಿರಾಕಿಗೋಳಿಗಿ ಯಾಕ ಪಥ್ಯಾ?" ಎಂದು ಕೇಳಿದಳು.

ಸಂತೆ ತರುವ ನೆಪ ಮಾಡಿ ಅವರನ್ನು ಲೋಕಲ್ ಹತ್ತಿಸಿಕೊಂಡು ಮಾಟುಂಗಕ್ಕೆ ಹೋದೆ. ಅವರ ಮನಸ್ಸು ಎಲ್ಲಾದರೂ ಬಿಚ್ಚುತ್ತದೆ ಎಂದರೆ ಮಾಟುಂಗದಲ್ಲಿ, ಕೈಯಲ್ಲಿ ಕಾಫಿ ಬಟ್ಟಲು ಇರುವಾಗ. ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮೂಲೆಯ ಟೇಬಲ್ ಹಿಡಿದೆವು. ಅವರು ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಕೂತರು.

"ಏನಾಗ್ಯದ್ರಿ ನಿಮಗ?" ಎಂದೆ. "ಯುರೋಪಿನ ಮಾತ ನಾನೇ ತಪ್ಪಸೀನಿ. ಹುಡುಗಿ ಎದುರಿಗಿ ನಿಮಗ ಫಜೀತಿ ಆಗಬಾರ್ದಂತ."

"ಗೊತ್ತದ."

"ಗೊತ್ತದ ಅಂದ್ರ ಮತ್ಯಾಕ ಸಿಟ್ಟು?"

"ಸಿಟ್ಟಿಲ್ಲ." ಬಟ್ಟಲಿನ ಕಾಫಿಯನ್ನು ಲೋಟಕ್ಕೆ, ಲೋಟದ್ದನ್ನು ಬಟ್ಟಲಿಗೆ ಸುರಿಯುತ್ತ ಕೂತರು. ಆರಿದ ಮೇಲೂ ಸುರಿದರು. "ಕೂಸು ಪ್ಯಾರಿಸ್ ಅಂದಾಗ ಅಂಜಿಕಿ ಬಂದಿತ್ತು, ಖರೆ. ಅದರ ಸಂಗಟೇ ಆಸಿನೂ ಬಂತು. ಹೋಗ್ತೀವಲ್ಲಾ ಅಂತ. ನೀ ನನ್ನ ಅಂಜಿಕಿ ನೋಡ್ದಿ, ಆಸಿ ನೋಡ್ಲಿಲ್ಲ."

ಇಷ್ಟು ವರ್ಷ ಸಂಸಾರ ಮಾಡಿ, ಅವರು ಹೇಳದಿದ್ದರೂ ಎಲ್ಲ ತಿಳಿಯುತ್ತದೆ ಎಂಬ ಬಿಂಕ ನನಗಿತ್ತು.

"ಟವರ್ ನೋಡೋ ಆಸೀನಾ?"

"ಏ, ಟವರ್ ಯಾರಿಗಿ ಬೇಕು. ಲೂಸರ್ನ್ ಅಂತ ಒಂದು ಊರದ. ಸ್ವಿಟ್ಜರ್ಲ್ಯಾಂಡಿನ್ಯಾಗ, ದೊಡ್ಡ ಕೆರಿ ದಂಡಿಗಿ. ಪ್ರತಿ ಟೂರಿನ್ಯಾಗೂ ಅಲ್ಲಿ ಮೂರು ದಿನ ಠಿಕಾಣಿ. ಹೋಟೆಲಿನ ಅಡಗಿಮನಿ ಭೂಮಿ ಒಳಗ. ಗ್ವಾಡಿ ಮ್ಯಾಲ, ಛತ್ತಿಗಿ ಹತ್ತಿ, ಒಂದು ಸಣ್ಣ ಕಿಡಕಿ. ಹೊರಗ ನೋಡಿದ್ರ ರಸ್ತಾ ನಮ್ಮ ಕಣ್ಣಿನ ಮ್ಯಾಲ ಅದ. ಮಂದಿ ಓಡಾಡೋದು ಕಾಲಷ್ಟೇ ಕಾಣ್ತಾವ. ಆ ಊರಾಗ ನಾ ಒಬ್ಬರ ಮುಖಾ ನೋಡಿಲ್ಲ ಇಂದ್ರಾ. ಕಾಲು ನೋಡೀನಿ. ಸಾಲಿಗಿ ಹೋಗೋ ಹುಡುಗುರ ಕಾಲು, ಆಫೀಸಿಗಿ ಓಡೋರ ಕಾಲು, ನಾಯಿ ಕಾಲು. ಕಾಲು ನೋಡೇ ಮಳಿ ಬಂತು, ಐತವಾರ ಬಂತು ಅಂತ ಹೇಳ್ತಿದ್ದೆ."

ಅವರು ನಕ್ಕರು. ತುಂಬಾ ದಿನದ ಮೇಲೆ ನಕ್ಕಿದ್ದು.

"ಒಂದಿನ ಪಾವ್‌ಭಾಜಿ ಇತ್ತು. ಬಸ್ ತುಂಬ ಮಂದಿಗಿ. ಕಿಡಕಿ ಕೆಳಗ ನಿಂತು ಉಳ್ಳಾಗಡ್ಡಿ ಹೆಚ್ಲತ್ತಿದ್ದೆ. ಕೆಂಪು ಬೂಟಿನ ಎರಡು ಕಾಲು, ಸಂಗಟ ಒಂದು ಕೋಲು, ಬಂದು ಕಿಡಕಿ ಮುಂದ ನಿಂತ್ವು. ಮುದುಕಿ. ಬಗ್ಗಿ ನೋಡಿದ್ಳು. ನಂದು ಕಣ್ಣೀರು ಸುರೀಲತ್ತಾವ. ಪಾಪ, ಅಳ್ಲತ್ತಾನ ಅಂತ ತಿಳ್ಕೊಂಡಾಳ ಆಕಿ. ಹಬಿ ಹೋಗ್ಲಿ ಅಂತ ಕಿಡಕಿ ಜರಾ ತೆರದಿದ್ದೆ. ಚೀಲದಾಗಿಂದ ಒಂದು ಸಂತ್ರಾ ಹಣ್ಣು ತಗದು ಸಂದ್ಯಾಗ ಇಟ್ಟು ಹೋದ್ಳು."

"ಉಳ್ಳಾಗಡ್ಡಿ ಅಂತ ಹೇಳಬೇಕಿಲ್ಲೇನ್ರಿ?"

"ಯಾವ ಭಾಷಾದಾಗ ಹೇಳ್ಲಿ?" ಕಾಫಿ ಕುಡಿದರು. ಆಮೇಲೆ ಬಟ್ಟಲನ್ನು ನೋಡುತ್ತ ಹೇಳಿದರು, "ಮತ್ತ ಜರಾ ಅತ್ತಿದ್ದೂ ಖರೇನೇ. ಅವತ್ತ ಸುಭಾಷಂದು ಹತ್ತನೇದ ರಿಸಲ್ಟ್ ಬಂದಿತ್ತು. ನೀ ಫೋನ್ ಮಾಡಿ ಪಾಸಾದಾ ಅಂದಿದ್ದಿ. ಪೇಢೆ ತಿನ್ಲಾಕೂ ಕೊಡ್ಲಾಕೂ ಅಲ್ಲಿ ನಮ್ಮವ್ರು ಒಬ್ಬರೂ ಇಲ್ಲ. ಆ ಸಂತ್ರಾ ಹಣ್ಣೇ ಪೇಢಾ ಅಂತ ತಿಂದೆ."

ಅದಾದ ಮೇಲೆ ಅವರು ಆ ಊರಿಗೆ ಹೋದಾಗೆಲ್ಲ ಬೆಳಿಗ್ಗೆ ಆ ಮುದುಕಿಯ ಕೋಲಿನ ತುದಿ ಕಿಟಕಿಗೆ ಟಕ್ ಟಕ್ ಎನ್ನುತ್ತಿತ್ತಂತೆ. ಇವರು ಸೌಟು ಎತ್ತಿ ತೋರಿಸುತ್ತಿದ್ದರಂತೆ. ಆಕೆ ಬಗ್ಗಿದರೂ ಗಾಜಿನ ಮೇಲೆಲ್ಲ ಹಬೆ. ಮುಖ ಸರಿಯಾಗಿ ಕಂಡದ್ದೇ ಇಲ್ಲ. ಹೊರಗೆ ಹೋಗಿ ಕೈ ಮುಗಿಯೋಣವೆಂದರೆ ಒಲೆಯ ಮೇಲೆ ಯಾವಾಗಲೂ ಏನಾದರೂ ಇರುತ್ತಿತ್ತು.

"ಈಗ ಆಕಿ ಇದ್ದಾಳೋ ಇಲ್ಲೋ. ಹುಡಕ್ಲಾಕ ಹೋಗಲ್ಲ ನಾನು. ಆ ಕಿಡಕಿ ಹೊರಗಿಂದ ಹ್ಯಾಂಗ ಕಾಣ್ತದ, ಅದೊಂದು ನೋಡ್ಬೇಕು. ಆಕಿ ನಿಂತ ಜಾಗಾದಾಗ ಒಂದು ಸಲ ನಿಂದ್ರಬೇಕು. ಅಷ್ಟೇ ಆಸಿ."

"ಇದನ್ನ ನನಗರೆ ಯಾಕ ಹೇಳಿಲ್ಲ?"

"ಪ್ಯಾರಿಸ್ ನೋಡಿಲ್ಲ ಅಂತ ಹೇಳ್ದಾಗ ನೀ ಮರುಗಿದ್ದಿ. ಬರೇ ಕಾಲು ನೋಡೀನಿ ಅಂದ್ರ ಮತ್ತಷ್ಟು ಮರಗ್ತಿದ್ದಿ."

ಹೋಟೆಲಿನವನು ಬಿಲ್ ತಂದಿಟ್ಟ. ನಮ್ಮವರು ಎಂದಿನ ಹಾಗೆ ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ, ಒಳಗಿನವರಿಗೆ ಕಾಫಿ ಚೆನ್ನಾಗಿತ್ತೆಂದು ಹೇಳಿ ಬಂದರು. ಯಾವ ಹೋಟೆಲಿಗೆ ಹೋದರೂ ಹಾಗೆ ಮಾಡುತ್ತಾರೆ. ಮಕ್ಕಳಿಗೆ ಅದೊಂದು ನಗೆಯ ವಿಷಯ. ಅದು ಎಲ್ಲಿಂದ ಬಂದ ಅಭ್ಯಾಸವೆಂದು ನನಗೆ ಅವತ್ತು ತಿಳಿಯಿತು.

ಲೋಕಲ್‌ನಲ್ಲಿ ಬರುತ್ತ ನಾನೇ ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ ಎಂದೆ. ಮಗನಿಗೆ ಏನಾದರೂ ಹೇಳಿ ಲೂಸರ್ನ್ ಸೇರಿಸುತ್ತೇನೆ, ಪ್ಯಾರಿಸ್ ಬಿಡಿಸುತ್ತೇನೆ, ನೀವು ಸುಮ್ಮನಿರಿ ಎಂದೆ.

"ಬ್ಯಾಡ" ಎಂದರು. "ಈ ಸಲ ನೀ ಸುಮ್ಮನಿರು."

ಮುಂದಿನ ಭಾನುವಾರ ಸುಭಾಷ ಸಿಂಗಾಪುರದ ಟಿಕೆಟ್ ನೋಡುತ್ತಿದ್ದ. ನಮ್ಮವರು ಬಂದು ಸೋಫಾದ ಮೇಲೆ ಕೂತರು. ಕೈಯಲ್ಲಿ ಕೊತ್ತಂಬರಿ ಇಲ್ಲ, ಕುಟ್ಟಣಿ ಇಲ್ಲ, ಏನೂ ಇಲ್ಲ. ಬರಿಗೈಯಲ್ಲಿ ಕೂತ ಅವರನ್ನು ಕಂಡು ಸೊಸೆ ಟಿವಿಯ ಧ್ವನಿ ಇಳಿಸಿದಳು.

"ಶ್ರಾವ್ಯಾ, ಇಲ್ಲಿ ಬಾ. ನಾ ಟವರ್ ನೋಡಿಲ್ಲ."

"ಕ್ಯಾ?"

"ಟವರ್ ನೋಡಿಲ್ಲ, ಗಾಜಿನ ಕುದುರಿ ನೋಡಿಲ್ಲ, ಬರ್ಫಿನ ಬೆಟ್ಟ ನೋಡಿಲ್ಲ. ಮಂದಿ ಉಣ್ಕೋತ ಹೇಳ್ತಿದ್ರು. ಬಡಸ್ಕೋತ ನಾ ಕೇಳ್ತಿದ್ದೆ. ನೋಡಿದ್ದು ಅಂದ್ರ ಅಡಗಿಮನಿ."

ಕೆಳಗೆ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು. ಶ್ರಾವ್ಯಾ ಮುತ್ಯಾನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಗದ್ದ ಸ್ವಲ್ಪ ಮುಂದೆ ಬಂತು. ಸಿಟ್ಟು ಬಂದರೆ ಹಾಗಾಗುತ್ತದೆ.

"ನಾ ಸ್ಕೂಲ್‌ದಾಗ ಸಬ್‌ಕೋ ಹೇಳೀನಿ. ಮುತ್ಯಾ ಎಲ್ಲಾ ದೇಖಾ ಹೈ ಅಂತ."

"ಹೌದವ್ವಾ. ಅದಕ್ಕೇ ಹೇಳ್ಲತ್ತೀನಿ."

"ತೋ ಅಲ್ಲಿ ಹೋದ್ರ ನಿಂಗೂ ಫರ್ಸ್ಟ್ ಟೈಮ್?"

"ನಂದೂ ಮೊದಲನೇ ಸಲ."

"ರಸ್ತಾ ಕೌನ್ ಬತಾಯೇಗಾ ಫಿರ್?"

"ನೀ ಹೇಳು. ನಿನಗ ಫೋನಿನ ಭೂಪಟಾ ತಿಳೀತದ. ನಾ ನಿನ್ನ ಕೈ ಹಿಡ್ಕೊಂಡ್ ಬರ್ತೀನಿ."

ಗದ್ದ ಮೆಲ್ಲಗೆ ಹಿಂದಕ್ಕೆ ಹೋಯಿತು. ಪೂರಾ ಹೋಗಲಿಲ್ಲ. ಎರಡು ದಿನ ಅವಳು ಮುತ್ಯಾ ಹೇಳಿದ ಪ್ರತಿ ಮಾತಿಗೂ "ಸಚ್ಚೀ?" ಎಂದು ಕೇಳುತ್ತಲೇ ಇದ್ದಳು. ಅದು ಅವಳ ಹಕ್ಕು ಎಂದು ನಾವು ಬಿಟ್ಟೆವು.

ಸುಭಾಷ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವನ ಬಾಲ್ಯವೆಲ್ಲ ಆ ಕಥೆಗಳಲ್ಲೇ ಕಳೆದದ್ದು. ಅವನು ಏನೆನ್ನುತ್ತಾನೋ ಎಂಬ ಹೆದರಿಕೆ ನನಗೆ. ಆಮೇಲೆ ಕೇಳಿದ, "ಅಪ್ಪಾ, ಇಷ್ಟು ಸಲ ಹೋಗೀರಿ. ಒಂದು ದಿನಾನೂ ಸೂಟಿ ಕೊಡ್ಲಿಲ್ಲೇನ್ ಅವ್ರು?"

"ಮಂದಿ ದಿನಾ ಉಣ್ತಾರಲ್ಲೋ ತಮ್ಮಾ."

ಸುಭಾಷ ಎದ್ದು ಹೋಗಿ ನೀರು ಕುಡಿದು ಬಂದ. ಬಂದವನು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತ. ಚಿಕ್ಕವನಿದ್ದಾಗ ಕಥೆ ಕೇಳಲು ಕೂಡುತ್ತಿದ್ದ ಜಾಗ ಅದೇ.

"ಹಂಗಾರ ಈಗ ಖರೆ ಖರೆ ಹೇಳ್ರಿ. ಯಾವ ಊರು ನೋಡ್ಬೇಕಂತ ನಿಮಗ?"

ಆಗ ಕಿಟಕಿಯ ಮಾತು ಹೇಳಿದರು. ಕಾಲುಗಳು, ಕೆಂಪು ಬೂಟು, ಸಂತ್ರಾ ಹಣ್ಣು. ಹತ್ತನೆಯ ರಿಸಲ್ಟಿನ ಮಾತು ಬಿಟ್ಟರು. ಅದನ್ನು ನಾನು ಸೇರಿಸಿದೆ. ಸುಭಾಷ ಮುಖ ಆಚೆ ತಿರುಗಿಸಿ ರಿಮೋಟಿನ ಸೆಲ್ಲು ತೆಗೆದು ಹಾಕಿದ, ತೆಗೆದು ಹಾಕಿದ.

"ಆ ಊರಾಗ ನಿಮಗ ಏನೇನು ಗೊತ್ತದ?" ಎಂದು ಕೇಳಿದ.

"ಹಿಂದಿನ ಗೇಟು, ಕಸದ ಖೋಲಿ, ಅಡಗಿಮನಿ ಮೆಟ್ಟಿಲು. ಕಾಯಿಪಲ್ಲೆ ಇಡೋ ಜಾಗಾ."

"ಸಾಕು. ಅಲ್ಲಿಂದೇ ಚಾಲೂ ಮಾಡಮ್. ಮುಂದಿನ ಗೇಟು ಎಲ್ಲದ ಅಂತ ಎಲ್ಲರೂ ಕೂಡಿ ಹುಡಕಮ್."

ಉಳಿದವಳು ಭುವನೇಶ್ವರಿ. ಸಿಂಗಾಪುರದ ಆಸೆ ಅವಳದು, ದುಡ್ಡೂ ಅವಳದೇ ಅರ್ಧ. ಎಲ್ಲರೂ ಅವಳ ಕಡೆ ನೋಡಿದೆವು.

"ನನ್ನ ಯಾಕ ನೋಡ್ಲತ್ತೀರಿ" ಎಂದಳು. "ಮಾವಗ ಥಂಡಿ ಆಗಲ್ಲ, ವಿಮಾನದಾಗ ಕುಂದ್ರಲಾಕ ಆಗಲ್ಲ ಅಂತ ಅತ್ತಿ ಹೇಳಿದ್ರು. ಅವರಿಗಿ ಕೇಳ್ರಿ." ನನ್ನ ಕಡೆ ಹುಬ್ಬು ಹಾರಿಸಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಆಮೇಲೆ ಅವಳೇ, "ಸಿಂಗಾಪುರ ಎಲ್ಲೂ ಓಡಿ ಹೋಗಲ್ಲ. ಮಾವ ನಮಗ ಇಷ್ಟು ದೇಶ ತೋರಸ್ಯಾರ, ಒಂದರೆ ನಾವು ಅವರಿಗಿ ತೋರಸಮ್" ಎಂದಳು. ದೇವರು ಅವಳನ್ನು ಚೆನ್ನಾಗಿಡಲಿ.

ಆಮೇಲೆ ಊರುಗಳನ್ನು ಆರಿಸುವುದು ಹಗುರವಾಯಿತು. ಐದು ದೇಶ ಓಡಾಡುವುದು ಬೇಡ, ಒಂದೇ ದೇಶ ಸಾಕು ಎಂದಾಯಿತು. ವಿಮಾನ ಝೂರಿಕ್‌ನಲ್ಲಿ ಇಳಿಯುತ್ತದೆ, ಅಲ್ಲಿ ಒಂದು ರಾತ್ರಿ. ಉಳಿದ ದಿನವೆಲ್ಲ ಲೂಸರ್ನ್. ಶ್ರಾವ್ಯಾಳ ಪಾಲಿಗೆ ಹಲ್ಲು ಕಚ್ಚಿಕೊಂಡು ಬೆಟ್ಟ ಏರುವ ರೈಲು ಮತ್ತು ಕೈಯಿಂದ ಮುಟ್ಟುವಷ್ಟು ಹಿಮ. ಪ್ಯಾರಿಸ್ಸನ್ನು ಅವಳೇ ಬಿಟ್ಟಳು, ದೊಡ್ಡವಳಾದ ಮೇಲೆ ತಾನೇ ಮುತ್ಯಾನನ್ನು ಕರೆದೊಯ್ಯುತ್ತೇನೆ ಎಂಬ ಕರಾರಿನ ಮೇಲೆ. ಸುಭಾಷ ಅದೇ ಹೋಟೆಲನ್ನು ಹುಡುಕಿದ. ಅಲ್ಲಿ ಉಳಿಯುವುದು ನಮ್ಮ ಕೈಗೆ ಮೀರಿದ್ದು. ಆದರೂ ಒಂದು ಬೆಳಿಗ್ಗೆ ಅಲ್ಲಿ ನಾಷ್ಟಾ ಮಾಡೋಣ ಎಂದ. ನಮ್ಮವರು ಬಹಳ ಹೊತ್ತು ಬೇಡ ಬೇಡ ಎಂದು, ಕೊನೆಗೆ ಒಂದು ಷರತ್ತು ಹಾಕಿದರು. ತಿಂದ ಮೇಲೆ ಕೆಳಗೆ ಇಳಿದು ಹೋಗಿ, ಒಲೆಯ ಮುಂದೆ ಇರುವವರಿಗೆ ಚೆನ್ನಾಗಿತ್ತೆಂದು ಹೇಳಿ ಬರಬೇಕು.

ವೀಸಾ ಬಂದ ವಾರ ನಮ್ಮವರು ನನ್ನನ್ನು ಕಾಶಪ್ಪನ ಕಾರ್ಖಾನೆಗೆ ಕರೆದುಕೊಂಡು ಹೋದರು. ಕಾಶಪ್ಪ ನಮ್ಮ ಕಡೆಯವನೇ, ಧಾರಾವಿಯಲ್ಲಿ ಚರ್ಮದ ಚೀಲ, ಬೂಟು ಹೊಲಿಯುತ್ತಾನೆ. ಓಣಿಗೆ ಸಿಮೆಂಟು ಹಾಕಿ ಹಾಕಿ ರಸ್ತೆ ಮೇಲೆದ್ದು, ಅವನ ಅಂಗಡಿ ಈಗ ಕೆಳಗಾಗಿದೆ. ಎರಡು ಮೆಟ್ಟಿಲು ಇಳಿದು ಹೋಗಬೇಕು.

"ಇಕಿಗಿ ಬೂಟು ಮಾಡ್ಬೇಕು" ಎಂದರು ನಮ್ಮವರು.

ಕಾಶಪ್ಪ ನನ್ನ ಹವಾಯಿ ಚಪ್ಪಲಿ ನೋಡಿದ. "ಇಂದ್ರಾಬಾಯಕ್ಕಗ ಬೂಟಾ? ಅಣ್ಣಾ, ರೊಟ್ಟಿ ಬಡಿಯೋದು ಬಿಟ್ಟು ಪೊಲೀಸ್‌ನಾಗ ಸೇರ್ಲತ್ತಾಳೇನ್?"

"ನಿನ್ನ ಮೊದ್ಲು ಹಿಡ್ಕೊಂಡು ಹೋಗ್ತೀನಿ ತಡಿ" ಎಂದೆ. "ಇವರಿಗಿ ಹುಚ್ಚು ಹಿಡ್ದದ. ಸೀರಿ ಕೆಳಗ ಯಾರ್ ನೋಡ್ತಾರ ನನ್ನ ಕಾಲು?"

"ಅಲ್ಲಿ ನೋಡ್ತಾರ" ಎಂದರು ನಮ್ಮವರು. "ಆ ಕಿಡಕಿ ಕೆಳಗ ಈಗೂ ಯಾರರೇ ನಿಂತು ಉಳ್ಳಾಗಡ್ಡಿ ಹೆಚ್ಚತಿರ್ತಾರ. ಅವರಿಗಿ ದಿನಾ ಕಾಣೋದು ಇದೊಂದೇ. ಛಲೋದು ಕಾಣ್ಲಿ."

ಕಾಶಪ್ಪನಿಗೆ ಇದೆಲ್ಲ ಏನು ಅರ್ಥವಾಯಿತೋ, ಸುಮ್ಮನೆ ನನ್ನ ಕಾಲಿನ ಅಳತೆ ತೆಗೆದ. ಯಾವ ಬಣ್ಣ ಎಂದು ಕೇಳಿದ. ಕರಿ, ಎಂದೆ ನಾನು. ಕೆಂಪು, ಎಂದರು ಅವರು. ಈ ವಯಸ್ಸಿಗೆ ಕೆಂಪು ಬೂಟೇ ಎಂದು ನಾನು ರೇಗಿದೆ. ಕಾಶಪ್ಪ ಒಳಗಿನಿಂದ ಚೀಲ ಹೊಲಿದು ಉಳಿದಿದ್ದ ಒಂದು ತುಂಡು ಚರ್ಮ ತಂದು ತೋರಿಸಿದ. ಒಣಮೆಣಸಿನಕಾಯಿಯ ಬಣ್ಣ. ಇಬ್ಬರಿಗೂ ಒಪ್ಪಿಗೆಯಾಯಿತು.

ಮುಂದಿನ ವಾರ ಇಬ್ಬರೂ ಹೋದಾಗ ಬೂಟು ಸಿದ್ಧವಾಗಿತ್ತು. ಕಾಶಪ್ಪ ಸ್ಟೂಲಿನ ಮೇಲೆ ಕೂರಿಸಿ ಲೇಸು ಕಟ್ಟಿದ. ನನ್ನ ಕಾಲು ನನಗೇ ಬೇರೆ ಯಾರದೋ ಕಾಲಿನಂತೆ ಕಂಡಿತು.

"ಹೊರಗ ಜರಾ ಅಡ್ಡಾಡಿ ಬಾ ಅಕ್ಕಾ. ಕಚ್ಚತಾವೇನು ನೋಡು" ಎಂದ.

ಮೆಟ್ಟಿಲು ಹತ್ತಿ ಓಣಿಗೆ ಬಂದೆ. ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗಿದ, ಗೋಡೆಗೆ ಸರಿದೆ. ನನ್ನ ಕಾಲಿನ ಪಕ್ಕದಲ್ಲೇ, ನೆಲಕ್ಕೆ ಹತ್ತಿ, ಕಾಶಪ್ಪನ ಅಂಗಡಿಯ ಕಿಟಕಿ ಇತ್ತು. ಕಬ್ಬಿಣದ ಸರಳು, ಧೂಳು ಹಿಡಿದ ಗಾಜು. ಈ ಓಣಿಯಲ್ಲಿ ಎಷ್ಟು ವರ್ಷ ಓಡಾಡಿದ್ದೇನೆ, ರೊಟ್ಟಿಯ ಬುಟ್ಟಿ ಹೊತ್ತು ಇದರ ಮುಂದೆಯೇ ಹೋಗಿದ್ದೇನೆ. ಒಳಗೆ ಯಾರಿದ್ದಾರೆಂದು ಒಂದು ಸಲವೂ ನೋಡಿರಲಿಲ್ಲ.

ಸೀರೆಯ ನೆರಿಗೆ ಹಿಡಿದುಕೊಂಡು ಬಗ್ಗಿದೆ. ಒಳಗೆ ಬಲ್ಬಿನ ಬೆಳಕಿನಲ್ಲಿ ಹೊಲಿಗೆಯ ಹುಡುಗರು ತಲೆ ತಗ್ಗಿಸಿ ಕೂತಿದ್ದರು. ಅವರ ನಡುವೆ ಸ್ಟೂಲಿನ ಮೇಲೆ ನಮ್ಮವರು. ಅವರು ಕಿಟಕಿಯನ್ನೇ ನೋಡುತ್ತಿದ್ದರು, ಅಂದರೆ ನನ್ನ ಕಾಲನ್ನು.

ಬಳೆಯಿಂದ ಗಾಜಿಗೆ ಟಕ್ ಟಕ್ ಎನಿಸಿದೆ.

ಹುಡುಗರೆಲ್ಲ ತಲೆ ಎತ್ತಿದರು. ನಮ್ಮವರ ಕೈಗೆ ಕಾಶಪ್ಪನ ಕಟ್ಟಿಗೆಯ ಸುತ್ತಿಗೆ ಸಿಕ್ಕಿತು. ಅದನ್ನೇ ಎತ್ತಿ ತೋರಿಸಿದರು. ಬಾಯಿ ತುಂಬ ನಗುತ್ತಿದ್ದರು, ಕಣ್ಣೂ ಹನಿಯುತ್ತಿತ್ತು. ಅಲ್ಲಿ ಉಳ್ಳಾಗಡ್ಡಿ ಏನೂ ಇರಲಿಲ್ಲ.

"ಏನಕ್ಕಾ, ಕಚ್ಚತಾವೇನ?" ಎಂದು ಕಾಶಪ್ಪ ಒಳಗಿನಿಂದ ಕೂಗಿದ.

"ಇಲ್ಲಪ್ಪಾ" ಎಂದೆ. "ಛಲೋ ಅದಾವ."